ಕೋವಿ ಹಿಡಿಯದೆ ಪಂದಿ ಕರಿ ಮಾಡುವ ಬಗೆ

ಕೊಡಗಿನ ಪಂದಿ ಕರಿಯನ್ನು, ಅಂದರೆ ಹಂದಿ ಮಾಂಸದ ಅಡುಗೆಯನ್ನು, ಬೇರೆ ಊರಿನ ಅಡುಗೆಮನೆಯಲ್ಲಿ ಮಾಡಲು ಹೊರಟವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಅದನ್ನೂ ತಮ್ಮ ಮನೆಯ ಮಾಂಸದ ಸಾರಿನಂತೆಯೇ ಎಣಿಸಿ ಟೊಮೆಟೊ ಹಾಕುತ್ತಾರೆ, ತೆಂಗಿನಕಾಯಿ ರುಬ್ಬುತ್ತಾರೆ. ಪಂದಿ ಕರಿಗೆ ಎರಡೂ ಬೇಕಿಲ್ಲ. ಅದು ಬೇಟೆಯ ಮಾಂಸಕ್ಕೆ ಒಗ್ಗಿ ಬೆಳೆದ ಅಡುಗೆ. ನಾರುನಾರಾದ, ಗಡುಸಾದ, ಕಾಡಿನ ವಾಸನೆಯಿರುವ ಮಾಂಸವನ್ನು ಬಾಯಿಗೆ ಒಗ್ಗಿಸಲು ಏನೇನು ಬೇಕೋ ಅಷ್ಟೇ ಅದರಲ್ಲಿದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಯಾವುದನ್ನು ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಕೊಡಗಿನ ಗದ್ದೆಗಳು ತಗ್ಗಿನಲ್ಲಿವೆ, ಸುತ್ತ ಕಾಡು ಮತ್ತು ತೋಟ. ಪೈರು ಎದ್ದ ಮೇಲೆ ಒಂದು ರಾತ್ರಿ ಹಂದಿಗಳ ಹಿಂಡು ಇಳಿದರೆ ಸಾಕು, ಬೆಳಗಾಗುವುದರೊಳಗೆ ಗದ್ದೆ ಉತ್ತು ಹಾಕಿದಂತಾಗಿರುತ್ತದೆ. ಆದ್ದರಿಂದ ಇಲ್ಲಿ ಹಂದಿ ಬೇಟೆ ಮೋಜಿನಷ್ಟೇ ಬೆಳೆ ಕಾಯುವ ಕೆಲಸವೂ ಆಗಿತ್ತು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳನ್ನು ಸಾಲಾಗಿ ಇಟ್ಟು, ತೋಕ್ ಪೂ ಎಂಬ ಕೆಂಪು ಹಳದಿ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಅಂದಿನ ಊಟ ಕಡಂಬುಟ್ಟು ಎಂಬ ಅಕ್ಕಿತರಿಯ ಉಂಡೆ ಮತ್ತು ಪಂದಿ ಕರಿ. ಪೂಜೆಯಾದ ಕೋವಿ ಈಗ ಗುರಿಯಿಡುವುದು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ.

ಕೋವಿಯಿರುವ ಕೊಡಗಿನವರು ಬೇಟೆಯನ್ನೂ ಆಡಬಹುದೆಂಬ ತಪ್ಪು ತಿಳಿವಳಿಕೆಯನ್ನು ಇಲ್ಲಿ ಮೊದಲೇ ಸರಿಪಡಿಸಬೇಕು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ, ಅದು 2029ರವರೆಗೆ ವಿಸ್ತರಣೆಯಾಗಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ಬೇಟೆಯಾಡುವುದಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಸೂಚಿಯಲ್ಲಿರುವ ಕಾಡುಹಂದಿಯನ್ನು ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಕೊಂದದ್ದರ ಮಾಂಸವೂ ಸರ್ಕಾರದ ಸ್ವತ್ತು. ಅದನ್ನು ಮಾರುವುದು, ಕೊಳ್ಳುವುದು, ಫ್ರಿಜ್‌ನಲ್ಲಿ ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. "ಒರಿಜಿನಲ್ ಕಾಡು ಮಾಲು" ಎಂದು ಯಾರಾದರೂ ತಂದುಕೊಟ್ಟರೆ ತೆಗೆದುಕೊಳ್ಳಬೇಡಿ. ಕಾನೂನಿನ ಮಾತು ಹಾಗಿರಲಿ, ಹಾಗೆ ಬರುವ ಮಾಂಸ ಎಲ್ಲಿ ಎಷ್ಟು ಹೊತ್ತು ಬಿದ್ದಿತ್ತೆಂದು ಹೇಳುವವರು ಯಾರೂ ಇರುವುದಿಲ್ಲ.

ಹಾಗಾಗಿ ಈ ವಿವರಣೆ ಸಾಕುಹಂದಿಯ ಮಾಂಸಕ್ಕೆ ಸಂಬಂಧಿಸಿದ್ದು. ಒಂದು ಕಿಲೋ ಮಾಂಸ ನಾಲ್ಕೈದು ಮಂದಿಗೆ ಸಾಕು. ಮುಂಗಾಲಿನ ಮೇಲ್ಭಾಗ ಮತ್ತು ಹೊಟ್ಟೆಯ ಭಾಗ ಸಮಸಮವಾಗಿ, ಚರ್ಮ ಸಹಿತ ಕೇಳಿ. ಚರ್ಮವಿಲ್ಲದ, ಕೊಬ್ಬಿಲ್ಲದ ತುಂಡುಗಳನ್ನು ಆರೋಗ್ಯದ ಹೆಸರಿನಲ್ಲಿ ಆರಿಸಿಕೊಂಡರೆ ಪಂದಿ ಕರಿ ಆಗುವುದಿಲ್ಲ, ಏಕೆಂದರೆ ಇದಕ್ಕೆ ಬೇರೆ ಎಣ್ಣೆ ಹಾಕುವುದಿಲ್ಲ. ಮಾಂಸ ಬೇಯಬೇಕಾದದ್ದು ತನ್ನದೇ ಕೊಬ್ಬಿನಲ್ಲಿ. ಕೂದಲನ್ನು ಚೆನ್ನಾಗಿ ಸುಟ್ಟು ಕೆರೆದಿದ್ದಾರೆಯೇ ನೋಡಿ. ಮಾಂಸದ ನಡುವೆ ಸಬ್ಬಕ್ಕಿಯಂತಹ ಬಿಳಿ ಗುಳ್ಳೆಗಳು ಕಂಡರೆ ಅದು ಲಾಡಿಹುಳುವಿನ ಗುರುತು, ಆ ಅಂಗಡಿಯಿಂದ ಹಾಗೆಯೇ ಹಿಂತಿರುಗಿ. ತುಂಡುಗಳು ಸುಮಾರು ಒಂದು ಅಂಗುಲದಷ್ಟಿರಲಿ. ತೊಳೆದು ನೀರು ಬಸಿದು, ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಶಿನ, ಎರಡು ಚಮಚ ಮೆಣಸಿನ ಪುಡಿ ಹಚ್ಚಿ ಅರ್ಧ ಗಂಟೆ ಬಿಡಿ.

ಹುಳಿ

ಪಂದಿ ಕರಿಗೆ ಹುಳಿಯೆಂದರೆ ಕಾಚಂಪುಳಿ, ಬೇರೆ ಮಾತಿಲ್ಲ. ಮಳೆಗಾಲದಲ್ಲಿ ಹಣ್ಣಾಗಿ ಬೀಳುವ, ಪುಟ್ಟ ಕುಂಬಳಕಾಯಿಯಂತೆ ಏಣೇಣಾದ ಹಳದಿ ಹಣ್ಣುಗಳನ್ನು ಬುಟ್ಟಿಯಲ್ಲಿ ಹೇರಿ, ಕೆಳಗೆ ಪಾತ್ರೆಯಿಟ್ಟು ಕೊಳೆಯಲು ಬಿಡುತ್ತಾರೆ. ತೊಟ್ಟಿಕ್ಕಿದ ರಸವನ್ನು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಕಾಯಿಸಿದಾಗ ಅದು ಕಾಕಂಬಿಯಂತೆ ಕಪ್ಪಗೆ, ಮಂದವಾಗಿ ಇಳಿಯುತ್ತದೆ. ಬಾಟಲಿಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದು. ಕೊಳ್ಳುವಾಗ ಬಾಟಲಿಯನ್ನು ಓರೆ ಮಾಡಿ ನೋಡಿ: ಒಳ್ಳೆಯದು ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ, ನೀರಿನಂತೆ ಓಡಿದರೆ ಬೇಡ.

ಊಟದ ಪದ್ಧತಿ ಊರಿಂದೂರಿಗೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಈ ಒಂದು ಹಣ್ಣೇ ಸಾಕ್ಷಿ. ಕೊಡಗಿನವರು ರಸ ತೆಗೆದು ಮಾಂಸಕ್ಕೆ ಹಾಕುತ್ತಾರೆ. ಗಡಿ ದಾಟಿ ಕೇರಳಕ್ಕೆ ಹೋದರೆ ಅದೇ ಹಣ್ಣಿನ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ, ಕುಡಂಪುಳಿಯೆಂದು ಕರೆದು ಮೀನಿನ ಸಾರಿಗೆ ಹಾಕುತ್ತಾರೆ. ಉತ್ತರ ಕನ್ನಡದ ಘಟ್ಟದ ಮೇಲೆ ಅದರ ಹೆಸರು ಉಪ್ಪಾಗೆ. ಮಾಂಸವನ್ನೇ ಮುಟ್ಟದ ಹವ್ಯಕರ ಮನೆಗಳಲ್ಲಿ ಅದರ ಬೀಜದಿಂದ ತುಪ್ಪ ತೆಗೆದು ದೋಸೆಗೆ ಹಚ್ಚಿಕೊಳ್ಳುತ್ತಾರೆ. ಕಾಚಂಪುಳಿ ಸಿಗದಿದ್ದರೆ ಕುಡಂಪುಳಿಯ ನಾಲ್ಕು ತುಣುಕುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಕಾಯಿಸಿ ಗಟ್ಟಿ ಮಾಡಿಕೊಂಡರೆ ಸುಮಾರಾಗಿ ಹೊಂದುತ್ತದೆ. ಹುಣಸೆಹಣ್ಣು ಕೊನೆಯ ಆಯ್ಕೆ. ಅದರಲ್ಲಿ ಸಿಹಿ ಸೇರಿರುವುದರಿಂದ ಅಡುಗೆಯ ದಿಕ್ಕೇ ಬೇರೆಯಾಗುತ್ತದೆ. ನಿಂಬೆಹಣ್ಣಿನ ರಸ ಬೇಡವೇ ಬೇಡ.

ಕಪ್ಪು ಮಸಾಲೆ

ನಾನು ಈ ಅಡುಗೆಯನ್ನು ಕಲಿತದ್ದು ವಿರಾಜಪೇಟೆ ಕಡೆಯ ಗೆಳೆಯನೊಬ್ಬನ ಮನೆಯಲ್ಲಿ. ಅವನ ತಾಯಿ ಕೊತ್ತಂಬರಿ ಬೀಜ ಹುರಿಯುವ ಕೆಲಸವನ್ನು ನನಗೆ ಒಪ್ಪಿಸಿ ಹಿತ್ತಲಿಗೆ ಹೋದರು. ಘಮ ಬಂದೊಡನೆ, ನಮ್ಮ ಮನೆಯ ಸಾರಿನ ಪುಡಿಗೆ ಹುರಿಯುವ ಅಭ್ಯಾಸದಂತೆ, ನಾನು ಬಾಣಲೆ ಇಳಿಸಿಬಿಟ್ಟಿದ್ದೆ. ಅವರು ಬಂದು ಒಂದು ಬೀಜವನ್ನು ಬೆರಳುಗಳ ನಡುವೆ ಪುಡಿಮಾಡಿ ನೋಡಿ, "ಇದು ಇನ್ನೂ ಹಸಿ ಮಗ, ಒಲೆ ಮೇಲಿಡು" ಎಂದರು. ಮತ್ತೆ ಹುರಿದೆವು. ಬೀಜ ಕಂದಾಯಿತು, ಗಾಢ ಕಂದಾಯಿತು, ಹೊಗೆ ಏಳತೊಡಗಿತು, ನನಗೆ ಕೆಮ್ಮು ಬಂತು. ಸೀದುಹೋಯಿತೆಂದು ನಾನು ಎಣಿಸಿದ ಗಳಿಗೆಯಿಂದ ಇನ್ನೂ ಒಂದು ನಿಮಿಷ ಬಿಟ್ಟು ಅವರು ಬಾಣಲೆ ಇಳಿಸಿದರು. ಪುಡಿ ಮಾಡಿದಾಗ ಅದು ಕಾಫಿಪುಡಿಯ ಬಣ್ಣಕ್ಕಿತ್ತು. ಪಂದಿ ಕರಿಯ ಕಪ್ಪು ಬಣ್ಣ ಬರುವುದು ಈ ಪುಡಿಯಿಂದ ಮತ್ತು ಕಾಚಂಪುಳಿಯಿಂದ, ಬೇರೆ ಯಾವುದರಿಂದಲೂ ಅಲ್ಲ.

ಒಂದು ಕಿಲೋ ಮಾಂಸಕ್ಕೆ ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಕಾಳುಮೆಣಸು, ಎರಡು ಸಣ್ಣ ಚಮಚ ಜೀರಿಗೆ, ಒಂದು ಸಣ್ಣ ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ ಬೇಕು. ಒಂದೊಂದನ್ನೂ ಬೇರೆಬೇರೆಯಾಗಿ, ಸಣ್ಣ ಉರಿಯಲ್ಲಿ, ಎಣ್ಣೆಯಿಲ್ಲದೆ ಹುರಿಯಿರಿ. ಒಟ್ಟಿಗೆ ಹುರಿದರೆ ಕೊತ್ತಂಬರಿ ಕಪ್ಪಾಗುವ ಹೊತ್ತಿಗೆ ಜೀರಿಗೆ ಬೂದಿಯಾಗಿರುತ್ತದೆ. ಮೆಂತ್ಯವನ್ನು ಮಾತ್ರ ಕೆಂಪಾಗುವಷ್ಟಕ್ಕೇ ನಿಲ್ಲಿಸಿ, ಅದು ಕಪ್ಪಾದರೆ ಇಡೀ ಪಾತ್ರೆ ಕಹಿಯಾಗುತ್ತದೆ. ಆರಿದ ಮೇಲೆ ನುಣ್ಣಗೆ ಪುಡಿ ಮಾಡಿಡಿ.

ಬೇಯಿಸುವುದು

ಮೂರು ಈರುಳ್ಳಿ, ಹದಿನೈದು ಎಸಳು ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ನಾಲ್ಕು ಹಸಿಮೆಣಸು, ಒಂದು ಹಿಡಿ ಕರಿಬೇವನ್ನು ತರಿತರಿಯಾಗಿ ರುಬ್ಬಿಕೊಳ್ಳಿ. ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಮಡಕೆ ಒಳ್ಳೆಯದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಚಂಪುಳಿ ಲೋಹದ ರುಚಿ ಬಿಡಿಸುತ್ತದೆ. ಮೊದಲು ಕೊಬ್ಬು ಹೆಚ್ಚಿರುವ ತುಂಡುಗಳನ್ನು ಪಾತ್ರೆಗೆ ಹಾಕಿ, ಕೊಬ್ಬು ಕರಗಿ ಹೊರಬಂದ ಮೇಲೆ ಉಳಿದ ಮಾಂಸವನ್ನೂ ರುಬ್ಬಿದ್ದನ್ನೂ ಸೇರಿಸಿ ಮುಚ್ಚಿ. ಹದಿನೈದು ನಿಮಿಷದಲ್ಲಿ ಮಾಂಸ ತನ್ನದೇ ನೀರು ಬಿಟ್ಟಿರುತ್ತದೆ. ಆ ನೀರು ಇಂಗಿದ ಮೇಲಷ್ಟೇ ಎರಡು ಲೋಟ ಬಿಸಿನೀರು ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿ. ಕುಕ್ಕರ್ ಬಳಸಬಹುದು, ಆದರೆ ಮಾಂಸ ಬೆಂದರೂ ಚರ್ಮ ಲೋಳೆಯಾಗುತ್ತದೆ. ನನಗೆ ಅದು ಹಿಡಿಸದು.

ಚರ್ಮಕ್ಕೆ ಉಗುರು ಇಳಿಯುವಷ್ಟು ಬೆಂದ ಮೇಲೆ ಕಪ್ಪು ಮಸಾಲೆಯನ್ನು ಹಾಕಿ ಹತ್ತು ನಿಮಿಷ ಕುದಿಸಿ. ಕೊನೆಗೆ ಒಂದು ದೊಡ್ಡ ಚಮಚ ಕಾಚಂಪುಳಿ ಹಾಕಿ, ಐದು ನಿಮಿಷ ಬಿಟ್ಟು ರುಚಿ ನೋಡಿ, ಬೇಕಿದ್ದರೆ ಇನ್ನರ್ಧ ಚಮಚ ಸೇರಿಸಿ. ಹುಳಿಯನ್ನು ಒಮ್ಮೆಗೇ ಸುರಿದುಬಿಟ್ಟರೆ ಅದನ್ನು ಸರಿಪಡಿಸುವ ದಾರಿಯಿಲ್ಲ. ಬೇಟೆಯ ಮಾಂಸಕ್ಕೆ ಹುಳಿಯೂ ಮೆಣಸೂ ಇದಕ್ಕಿಂತ ಜಾಸ್ತಿ ಬೇಕಾಗಿತ್ತು, ಸಾಕುಹಂದಿಗೆ ಇಷ್ಟೇ ಸಾಕು.

ಜೊತೆಗೆ ಏನು ಬಡಿಸಬೇಕೆಂಬುದರ ಮೇಲೆ ಗೊಜ್ಜಿನ ಹದ ನಿಲ್ಲುತ್ತದೆ. ಅಕ್ಕಿತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಇಟ್ಟ ಕಡಂಬುಟ್ಟಿಗೆ ಗೊಜ್ಜು ಅಂಟಿಕೊಳ್ಳುವಷ್ಟು ಗಟ್ಟಿಯಿರಬೇಕು. ಮಂಡ್ಯ, ಹಾಸನದ ಕಡೆಯವರು ಹಂದಿ ಮಾಂಸವನ್ನು ರಾಗಿಮುದ್ದೆಯೊಂದಿಗೆ ಉಣ್ಣುವಾಗ ಸಾರು ತೆಳ್ಳಗಿರಬೇಕು, ಇಲ್ಲದಿದ್ದರೆ ಮುದ್ದೆ ಗಂಟಲಲ್ಲಿ ಇಳಿಯದು. ಮಂಗಳೂರಿನ ಕ್ಯಾಥೊಲಿಕರು ಬಫಾತ್ ಪುಡಿ ಹಾಕಿ ಮಾಡುವ ದುಕ್ರಾಮಾಸ್ ಕೆಂಪಾಗಿರುತ್ತದೆ, ಇಡ್ಲಿಯಂತಹ ಸಣ್ಣಾಂ ಜೊತೆ ಹೋಗುತ್ತದೆ. ಕೇರಳದ ಸಿರಿಯನ್ ಕ್ರೈಸ್ತರು ತೆಂಗಿನ ಚೂರು ಹಾಕಿ ಒಣಗುವಂತೆ ಹುರಿಯುತ್ತಾರೆ. ನಾಗಾಲ್ಯಾಂಡಿನಲ್ಲಿ ಹೊಗೆಯಾಡಿಸಿದ ಹಂದಿ ಮಾಂಸಕ್ಕೆ ಹುದುಗಿಸಿದ ಸೋಯಾ ಇಲ್ಲವೇ ಬಿದಿರಿನ ಕಳಲೆ ಸೇರುತ್ತದೆ, ಎಣ್ಣೆಯ ಸುದ್ದಿಯೇ ಇರುವುದಿಲ್ಲ. ಹಂದಿ ತಿನ್ನದವರು ಇದೇ ಕಪ್ಪು ಮಸಾಲೆಯನ್ನು ಕುರಿಮಾಂಸಕ್ಕೆ ಹಾಕಬಹುದು, ಆದರೆ ಕಾಚಂಪುಳಿಯನ್ನು ಅರ್ಧಕ್ಕೆ ಇಳಿಸಬೇಕು.

ಕಾಡುಹಂದಿ ಕಾನೂನುಬದ್ಧವಾಗಿ ಸಿಗುವ ದೇಶಗಳಲ್ಲಿರುವ ಕನ್ನಡಿಗರಿಗೆ

ಜರ್ಮನಿಯಲ್ಲಿ ಕಾಡುಹಂದಿಯ ಮಾಂಸ ಅಂಗಡಿಯಲ್ಲೇ ಸಿಗುತ್ತದೆ. ಟೆಕ್ಸಾಸ್‌ನಲ್ಲಿ ಬೆಳೆಹಾನಿಯ ಕಾರಣಕ್ಕೆ ಕಾಡುಹಂದಿ ಬೇಟೆಗೆ ಋತುವಿನ ಕಟ್ಟುಪಾಡೇ ಇಲ್ಲ. ಅಲ್ಲಿರುವವರು ಮೇಲಿನ ವಿಧಾನವನ್ನು ಅದರ ಹಳೆಯ ರೂಪಕ್ಕೆ ತಿರುಗಿಸಬೇಕು. ವಯಸ್ಸಾದ ಗಂಡುಹಂದಿಯ ಗಬ್ಬು ವಾಸನೆ ಕೂತಿರುವುದು ಕೊಬ್ಬಿನಲ್ಲಿ, ಆದ್ದರಿಂದ ಅದನ್ನು ಕತ್ತರಿಸಿ ತೆಗೆದು, ಬದಲಿಗೆ ನೂರು ಗ್ರಾಂ ಸಾಕುಹಂದಿಯ ಕೊಬ್ಬು ಸೇರಿಸಿ. ಅರ್ಧ ಚಮಚ ಕಾಚಂಪುಳಿಯನ್ನು ಉಪ್ಪು ಅರಿಶಿನದ ಜೊತೆಗೇ ಹಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೇಯಿಸಲು ಎರಡೂವರೆ ಗಂಟೆ ಬೇಕಾಗಬಹುದು. ಇಟಲಿಯ ಟಸ್ಕನಿಯವರು ಇದೇ ಉದ್ದೇಶಕ್ಕೆ ಕೆಂಪು ವೈನ್ ಬಳಸುತ್ತಾರೆ, ಜರ್ಮನರು ವೈನ್ ಅಥವಾ ಮಜ್ಜಿಗೆ. ಹುಳಿಯಿಲ್ಲದೆ ಈ ಮಾಂಸ ಯಾರಿಗೂ ಬಗ್ಗಿಲ್ಲ.

ಕಾಡುಹಂದಿಯಲ್ಲಿ ಟ್ರೈಕಿನೆಲ್ಲಾ ಎಂಬ ಹುಳುವಿನ ಭಯವಿದೆ. ಕಾಡುಪ್ರಾಣಿಗಳಲ್ಲಿರುವ ಅದರ ಕೆಲವು ಬಗೆಗಳು ಫ್ರೀಜರ್‌ನಲ್ಲಿಯೂ ಸಾಯುವುದಿಲ್ಲ, ಆದ್ದರಿಂದ ತುಂಡಿನ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಹಸಿ ಮಾಂಸ ಕೊಯ್ಯುವಾಗ ಕೈಗವಸು ಹಾಕಿ, ಬ್ರೂಸೆಲ್ಲಾ ರೋಗಾಣು ಗಾಯದ ಮೂಲಕವೂ ಒಳಸೇರುತ್ತದೆ. ದಕ್ಷಿಣ ಜರ್ಮನಿಯಲ್ಲಿ ಇನ್ನೊಂದು ವಿಚಿತ್ರ ಪರೀಕ್ಷೆಯಿದೆ: 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದಲ್ಲಿ ಉದುರಿದ ವಿಕಿರಣಶೀಲ ಸೀಸಿಯಂ ಅನ್ನು ನೆಲದೊಳಗಿನ ಅಣಬೆಗಳು ಹೀರಿಕೊಂಡು, ಅವನ್ನು ಅಗೆದು ತಿನ್ನುವ ಹಂದಿಗಳ ಮೈ ಸೇರಿದೆ. ಕಿಲೋಗೆ 600 ಬೆಕ್ವೆರೆಲ್ (ವಿಕಿರಣದ ಅಳತೆ) ಮೀರಿದ ಮಾಂಸವನ್ನು ಮಾರುವಂತಿಲ್ಲ. ಬೇಟೆಗಾರ ಗೆಳೆಯರು ಪ್ರೀತಿಯಿಂದ ಕೊಟ್ಟ ಮಾಂಸವಾದರೂ ಈ ಪರೀಕ್ಷೆ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಉಳಿದ ಕರಿ ಮರುದಿನ ಇನ್ನೂ ಚೆನ್ನಾಗಿರುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟರೆ ಕೊಬ್ಬು ಮೇಲೆ ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ. ಅದನ್ನು ಎಸೆಯದೆ, ಎರಡು ಚಮಚದಷ್ಟು ಬಾಣಲೆಗೆ ಹಾಕಿ ಕರಗಿಸಿ, ಮಾಂಸದ ತುಂಡುಗಳನ್ನು ಅದರಲ್ಲೇ ಗೊಜ್ಜು ಇಂಗುವವರೆಗೆ ಹುರಿದು ಅಕ್ಕಿರೊಟ್ಟಿಯ ಜೊತೆ ತಿನ್ನಿ.