ಮೈಕೊಬ್ಬಿನ ಹಿತಕ್ಕೆ ಕಿತ್ತಳೆ, ಚಕ್ಕೋತಗಳನ್ನು ತಿನ್ನುವ ಬಗೆ

ಕಿತ್ತಳೆ ಸುಲಿಯುವಾಗ ತೊಳೆಗಳಿಗೆ ಅಂಟಿಕೊಂಡ ಬಿಳಿಯ ನಾರನ್ನು ಪೂರ್ತಿ ಕಿತ್ತು ಎಸೆಯಬಾರದು. ಹೆಸ್ಪೆರಿಡಿನ್ ಎಂಬ ಫ್ಲೇವನಾಯ್ಡ್ (ಗಿಡಗಳಲ್ಲಿ ಸಹಜವಾಗಿ ಸಿಗುವ ಒಂದು ಬಗೆಯ ಸಂಯುಕ್ತ) ರಸಕ್ಕಿಂತ ಹೆಚ್ಚಾಗಿ ಆ ನಾರಿನಲ್ಲಿಯೂ ತೊಳೆಯ ಪೊರೆಯಲ್ಲಿಯೂ ಇರುತ್ತದೆ. ಚಕ್ಕೋತಕ್ಕೆ ಕಹಿ ಕೊಡುವ ನರಿಂಜಿನ್ನಿನ ಮಾತೂ ಅದೇ. ಕರುಳಿನ ಬ್ಯಾಕ್ಟೀರಿಯಾಗಳು ನರಿಂಜಿನ್ನನ್ನು ಒಡೆದಾಗ ನರಿಂಜೆನಿನ್ ದೊರೆಯುತ್ತದೆ.

ನಮ್ಮ ದೇಹದ ಬಿಳಿ ಕೊಬ್ಬಿನ ಕೋಶಗಳು ಮಿಕ್ಕ ಶಕ್ತಿಯನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಕೂಡಿಡುತ್ತವೆ, ಕಂದು ಕೋಶಗಳು ಅದನ್ನು ಉರಿಸಿ ಶಾಖವಾಗಿಸುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಬಿಳಿ ಕೋಶಗಳಿಗೆ ನರಿಂಜೆನಿನ್ ಸೇರಿಸಿದಾಗ ಶಾಖ ಹುಟ್ಟಿಸುವ ಯುಸಿಪಿ1 ಪ್ರೋಟೀನಿನ ಉತ್ಪಾದನೆ ಹೆಚ್ಚಿದ್ದು ಕಂಡುಬಂದಿದೆ. ಕೊಬ್ಬಿನ ಆಹಾರ ತಿಂದ ಇಲಿಗಳಲ್ಲಿ ನರಿಂಜೆನಿನ್ ಯಕೃತ್ತಿನ ಕೊಬ್ಬನ್ನು ತಗ್ಗಿಸಿದೆ. ಆದರೆ ಇಲಿಗಳಿಗೆ ಕೊಟ್ಟ ಪ್ರಮಾಣ ಹಣ್ಣು ತಿಂದು ಪಡೆಯುವಂಥದ್ದಲ್ಲವಾದ್ದರಿಂದ, ಚಕ್ಕೋತ ತಿಂದರೆ ಹೊಟ್ಟೆ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ತೂಕ ಇಳಿಸಲೆಂದು ಬೆಳಗ್ಗೆ ಕುಡಿಯುವ ಬಿಸಿನೀರು, ನಿಂಬೆರಸ, ಜೇನಿನ ಪಾನಕದಲ್ಲೂ ಒಂದು ದೊಡ್ಡ ಚಮಚ ಜೇನು ಸುಮಾರು 17 ಗ್ರಾಂ ಸಕ್ಕರೆಯನ್ನು ಸೇರಿಸುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು.

ನಿಜವಾಗಿ ಕೈಗೆಟಕುವ ಲಾಭ ಹಣ್ಣನ್ನು ಹಣ್ಣಾಗಿಯೇ ತಿನ್ನುವುದರಲ್ಲಿದೆ. ಒಂದು ಲೋಟ ರಸಕ್ಕೆ ಮೂರು ನಾಲ್ಕು ಕಿತ್ತಳೆ ಬೇಕು. ಅದರಲ್ಲಿ ಸುಮಾರು 20 ಗ್ರಾಂ ಸಕ್ಕರೆ ಉಳಿಯುತ್ತದೆ, ನಾರು ಬಹುಪಾಲು ಶೋಧಕದಲ್ಲೇ ನಿಂತುಬಿಡುತ್ತದೆ. ಇಡೀ ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ನಾರು, ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಆದ್ದರಿಂದ ಊಟದ ನಂತರದ ಸಿಹಿತಿಂಡಿಯ ಬದಲಿಗೆ ಒಂದು ಹಣ್ಣನ್ನು ಅಗಿದು ತಿನ್ನಿ. ಕಿತ್ತಳೆ ಸಿಪ್ಪೆಯಲ್ಲಿ ನೊಬಿಲೆಟಿನ್ ಎಂಬ ಇನ್ನೊಂದು ಸಂಯುಕ್ತವಿದೆ; ಸಿಪ್ಪೆಯ ಗೊಜ್ಜು ಮಾಡುವವರು ಹಣ್ಣನ್ನು ಚೆನ್ನಾಗಿ ತಿಕ್ಕಿ ತೊಳೆದು, ಬೆಲ್ಲ, ಉಪ್ಪುಗಳನ್ನು ಮಿತವಾಗಿ ಹಾಕಬೇಕು. ಕಹಿ ಕಿತ್ತಳೆಯ ಸಾರವುಳ್ಳ ತೂಕ ಇಳಿಸುವ ಮಾತ್ರೆಗಳು ಬೇಡ. ಅವುಗಳಲ್ಲಿರುವ ಸಿನೆಫ್ರಿನ್ ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಬಲ್ಲದು.

ಔಷಧ ಸೇವಿಸುವವರು ಇನ್ನೊಂದು ವಿಷಯ ತಿಳಿದಿರಬೇಕು. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತಗಳಲ್ಲಿರುವ ಫ್ಯುರಾನೊಕೌಮರಿನ್‌ಗಳು ಔಷಧಗಳನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುತ್ತವೆ. ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್, ರಕ್ತದೊತ್ತಡಕ್ಕೆ ಕೊಡುವ ಫೆಲೋಡಿಪಿನ್‌ನಂಥ ಔಷಧಗಳು ಇದರಿಂದ ರಕ್ತದಲ್ಲಿ ಅಳತೆ ಮೀರಿ ಏರಬಹುದು. ಕಿಣ್ವ ಚೇತರಿಸಿಕೊಳ್ಳಲು ಒಂದರಿಂದ ಮೂರು ದಿನ ಬೇಕಾಗುವುದರಿಂದ ಬೆಳಗ್ಗೆ ಹಣ್ಣು ತಿಂದು ರಾತ್ರಿ ಮಾತ್ರೆ ನುಂಗುವ ಉಪಾಯ ಸಾಕಾಗದು. ವೈದ್ಯರನ್ನು ಕೇಳುವವರೆಗೆ ಅಂಥವರು ಚಕ್ಕೋತ ಬಿಟ್ಟು ಸಿಹಿ ಕಿತ್ತಳೆಯನ್ನೋ ಮೂಸಂಬಿಯನ್ನೋ ಆರಿಸಿಕೊಳ್ಳಬಹುದು.