ಕೈಯಲ್ಲಿ ತಯಾರಿಸಿದ ಟಿನ್ ವಿಸಲ್: ನುಡಿಸಿ ನೋಡುವ ಕ್ರಮ

ಐರಿಷ್ ಜನಪದ ಸಂಗೀತದಲ್ಲಿ ಬಳಕೆಯಾಗುವ ಆರು ರಂಧ್ರಗಳ ಟಿನ್ ವಿಸಲ್ ನೋಡಲು ನಮ್ಮ ಕೊಳಲಿನ ಬಂಧುವಿನಂತಿದ್ದರೂ ಅದನ್ನು ಪರೀಕ್ಷಿಸುವ ರೀತಿ ಬೇರೆ. ಕೊಳಲಿನಲ್ಲಿ ತುಟಿಯೇ ಗಾಳಿಯನ್ನು ರಂಧ್ರದ ಅಂಚಿಗೆ ಹಾಯಿಸುವುದರಿಂದ ತುಸು ತಪ್ಪಿದ ಶ್ರುತಿಯನ್ನು ನುಡಿಸುತ್ತಲೇ ತಿದ್ದಿಕೊಳ್ಳಬಹುದು. ವಿಸಲ್‌ನಲ್ಲಿ ಗಾಳಿ ಕಿರಿದಾದ ಊದುಕಿಂಡಿಯೊಳಗೆ ಹರಿದು ಎದುರಿನ ಚೂಪಾದ ಅಲಗಿಗೆ ತಾಗಿ ನಾದವಾಗುತ್ತದೆ. ಅಲ್ಲಿ ತುಟಿಗೆ ಕೆಲಸವಿಲ್ಲ. ಹೀಗಾಗಿ ಕೈಕೆಲಸದ ವಿಸಲ್‌ಗೆ ಬೆಲೆ ಕಟ್ಟುವುದೆಂದರೆ ಬಹುಮಟ್ಟಿಗೆ ಆ ಕಿಂಡಿ ಮತ್ತು ಅಲಗಿನ ಕೆಲಸಕ್ಕೆ ಬೆಲೆ ಕಟ್ಟುವುದೇ.

ಮೊದಲು ಬಾಯಿಯ ತುದಿಯನ್ನು ಕಣ್ಣಿಗೆ ಹಿಡಿದು ಬೆಳಕಿನ ಕಡೆ ನೋಡಿ. ಕಿಂಡಿಯ ಆಚೆ ಅಲಗಿನ ಅಂಚು ಓರೆಯಿಲ್ಲದೆ ನೇರ ಗೆರೆಯಾಗಿ ಕಾಣಬೇಕು. ಬೆರಳಿನ ರಂಧ್ರಗಳ ಒಳ ಅಂಚಿನಲ್ಲಿ ಕೊರೆದಾಗ ಎದ್ದ ಲೋಹದ ಸಿಬಿರು ಉಳಿದಿರಬಾರದು. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಯಾರಿಸಲಾರಂಭಿಸಿದ ಮಾದರಿಯಂತೆ ತಗಡನ್ನು ಶಂಕುವಿನಾಕಾರದಲ್ಲಿ ಸುತ್ತಿ ಮರದ ಬಿರಡೆ ಕೂರಿಸಿದ ವಿಸಲ್ ಆಗಿದ್ದರೆ, ಬಿರಡೆ ಸಡಿಲವಾಗಿದೆಯೇ, ಹಿಂಬದಿಯ ಜೋಡಣೆಯಲ್ಲಿ ಗಾಳಿ ಸೋರುತ್ತಿದೆಯೇ ಎಂಬುದನ್ನೂ ನೋಡಬೇಕು.

ಶ್ರುತಿ ಪರೀಕ್ಷೆಗೆ ಮುನ್ನ ಸ್ವಲ್ಪ ಹೊತ್ತು ಊದಿ ವಿಸಲನ್ನು ಬೆಚ್ಚಗಾಗಿಸಿಕೊಳ್ಳಿ. ಒಳಗಿನ ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಪಿಯಾನೊದ ಅಕ್ಕಪಕ್ಕದ ಎರಡು ಸ್ವರಗಳ ನಡುವೆ 100 ಸೆಂಟ್ ಅಂತರವಿದೆ). ತಣ್ಣಗಿನ ಕೊಳವೆಯನ್ನು ಟ್ಯೂನರ್ (ಶ್ರುತಿ ಅಳೆಯುವ ಸಾಧನ) ಮುಂದೆ ಊದಿ ತಯಾರಕರನ್ನು ದೂರುವುದು ನ್ಯಾಯವಲ್ಲ. ಆರೂ ರಂಧ್ರ ಮುಚ್ಚಿದಾಗ ಬರುವ ಸ್ವರವನ್ನು ಷಡ್ಜವೆಂದು ಹಿಡಿದರೆ, ಕೆಳಗಿನಿಂದ ಒಂದೊಂದೇ ಬೆರಳನ್ನು ಎತ್ತಿದಂತೆ ಶಂಕರಾಭರಣದ ಸ್ವರಗಳು ಬರುತ್ತವೆ. ಹೆಚ್ಚು ಬಳಕೆಯಲ್ಲಿರುವ ಡಿ ಶ್ರುತಿಯ ವಿಸಲ್‌ನಲ್ಲಿ ಈ ಷಡ್ಜ ಸುಮಾರು 587 ಹರ್ಟ್ಸ್. ಗಾಂಧಾರವನ್ನು ಟ್ಯೂನರ್ ತುಸು ಕೆಳಗೆ ತೋರಿಸಿದರೆ ಗಾಬರಿ ಬೇಡ. ತಂಬೂರಿಗೆ ಸೇರುವ ಗಾಂಧಾರ ಕೀಬೋರ್ಡಿನದಕ್ಕಿಂತ ಸುಮಾರು 14 ಸೆಂಟ್ ಕೆಳಗೇ ಇರುತ್ತದೆ, ಐರಿಷ್ ಬ್ಯಾಗ್‌ಪೈಪಿನ ಆಧಾರ ಶ್ರುತಿಗೆ ಹೊಂದಲೆಂದು ಕೆಲವು ತಯಾರಕರು ಬೇಕೆಂದೇ ಅದನ್ನು ತಗ್ಗಿಸುತ್ತಾರೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಸ್ಥಾಯಿ ದಾಟುವುದರಲ್ಲಿದೆ. ಮೇಲಿನ ಸ್ಥಾಯಿಗೂ ಬೆರಳುಗಳ ಸ್ಥಾನ ಹೆಚ್ಚುಕಡಿಮೆ ಅದೇ. ಉಸಿರನ್ನು ಮಾತ್ರ ಬಿಗಿ ಮಾಡಬೇಕು. ಕೆಳಗಿನ ಷಡ್ಜವನ್ನು ಮೆಲ್ಲಗೆ ಹಿಡಿದು ಉಸಿರನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ. ತುಸು ಒತ್ತಿದೊಡನೆ ಅದು ಒಡೆದು ಮೇಲಕ್ಕೆ ಹಾರಿದರೆ, ರೀಲ್ ಎಂಬ ವೇಗದ ಕುಣಿತದ ಮಟ್ಟನ್ನು ನುಡಿಸುವಾಗ ಕೆಳಸ್ವರಗಳು ಕೈಕೊಡುವುದು ಖಚಿತ. ಎಷ್ಟು ಒತ್ತಿದರೂ ಜಗ್ಗದಿದ್ದರೆ ಕೆಳಸ್ಥಾಯಿ ಗಟ್ಟಿಯಾಗಿದೆ ನಿಜ, ಆದರೆ ಮೇಲಿನ ಧೈವತ, ನಿಷಾದಗಳನ್ನು ಕಿರುಚಿಸಿಯೇ ಹೊರಡಿಸಬೇಕಾಗುತ್ತದೆ. ಈ ಎರಡರ ನಡುವಣ ಹದವನ್ನು ಹಿಡಿದವರೇ ಒಳ್ಳೆಯ ತಯಾರಕರು. ಬಳಿಕ ಪ್ರತಿ ಸ್ವರವನ್ನೂ ಎರಡೂ ಸ್ಥಾಯಿಗಳಲ್ಲಿ ಕಣ್ಣು ಮುಚ್ಚಿ, ಸಹಜವೆನಿಸುವಷ್ಟೇ ಬಲದಲ್ಲಿ ಊದಿ, ಸ್ವರ ನಿಂತ ಮೇಲೆ ಕಣ್ಣು ತೆರೆದು ಟ್ಯೂನರ್ ನೋಡಿ. ಮುಳ್ಳನ್ನೇ ದಿಟ್ಟಿಸುತ್ತಾ ಊದಿದರೆ ಅರಿವಿಲ್ಲದೆಯೇ ಉಸಿರು ಶ್ರುತಿಯನ್ನು ತಿದ್ದಿಬಿಡುವುದರಿಂದ ವಾದ್ಯದ ದೋಷ ಮರೆಯಾಗುತ್ತದೆ.

ಆಮೇಲೆ ಮೇಲಿನಿಂದ ಎರಡು ಮತ್ತು ಮೂರನೆಯ ರಂಧ್ರಗಳನ್ನಷ್ಟೇ ಮುಚ್ಚಿ ಊದಿ. ಹರಿಕಾಂಬೋಜಿಯ ನಿಷಾದ, ಅಂದರೆ ಶಂಕರಾಭರಣದ್ದಕ್ಕಿಂತ ಒಂದು ಮೆಟ್ಟಿಲು (100 ಸೆಂಟ್) ತಗ್ಗಿದ ನಿಷಾದ ಬರಬೇಕು. ಐರಿಷ್ ಮಟ್ಟುಗಳಲ್ಲಿ ಇದು ಹೆಜ್ಜೆಹೆಜ್ಜೆಗೂ ಬೇಕಾಗುವ ಸ್ವರ. ಶ್ರುತಿ ಸೇರಿಸಲು ಕೆಳಗಿನ ಇನ್ನೊಂದು ಬೆರಳಿನ ನೆರವು ಬೇಕಾದರೆ ಅದನ್ನು ದೋಷವೆನ್ನಲಾಗದು. ಒಂದೇ ಸ್ವರವನ್ನು ಹಿಡಿದು ಮೇಲಿನ ಬೆರಳೊಂದನ್ನು ಕ್ಷಣಮಾತ್ರ ಎತ್ತಿ ಇಳಿಸಿದಾಗ ಸ್ವರ ಚಕ್ಕನೆ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತದೆಯೇ ಎಂಬುದನ್ನೂ ಗಮನಿಸಿ.

ಕಾಲು ಗಂಟೆ ಬಿಡದೆ ನುಡಿಸಿದರೆ ಉಸಿರಿನ ತೇವ ಕಿಂಡಿಯಲ್ಲಿ ಹನಿಗಟ್ಟಿ ದನಿ ಕಟ್ಟಬಹುದು. ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ನೀರಿನಲ್ಲಿ ಬೆರೆಸಿ ಕಿಂಡಿಯೊಳಗೆ ಹಾಯಿಸಿ ಒಣಗಿಸಿದರೆ ಹಲವು ವಿಸಲ್‌ಗಳು ಸರಿಹೋಗುತ್ತವೆ.

ಕೊನೆಗೆ ವಿಸಲನ್ನು ಬೇರೆಯವರ ಕೈಗೆ ಕೊಟ್ಟು ಕೋಣೆಯ ಇನ್ನೊಂದು ಬದಿಯಲ್ಲಿ ನಿಂತು ಕೇಳಿ. ನಾದ ಹೊರಡುವ ಜಾಗ ನುಡಿಸುವವರ ಮೂಗಿನ ಕೆಳಗೇ ಇರುವುದರಿಂದ ಸುಯ್ಯೆನ್ನುವ ಗಾಳಿಯ ಸದ್ದು ಅವರಿಗೆ ಹೆಚ್ಚಾಗಿ ಕೇಳಿಸುತ್ತದೆ. ದೂರದಲ್ಲೂ ಅದು ಸ್ವರವನ್ನು ಮುಸುಕುವಂತಿದ್ದರೆ ತಯಾರಕರಿಗೆ ತಿಳಿಸಬಹುದು. ಕ್ಲಾರ್ಕ್ ಮಾದರಿಯಾದರೆ ಮಾತ್ರ, ಆ ಗಾಳಿ ಬೆರೆತ ದನಿಯನ್ನು ಬಯಸಿಯೇ ಕೊಳ್ಳುವವರಿದ್ದಾರೆ.