ಖಾಲಿ ಬಾಟಲಿಗೂ ಅಷ್ಟೇ ಮರ್ಯಾದೆ ಕೊಡಿ

ರಕ್ತದಲ್ಲಿ ಮೈಕ್ರೋಪ್ಲಾಸ್ಟಿಕ್ ಹುಡುಕಲು ಕೂತವರೇ ಮೈಮೇಲೆ ಪಾಲಿಯೆಸ್ಟರ್ ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಪಿಪೆಟ್ ಹಿಡಿದಿದ್ದರೆ ನೋಡಿಕೊಂಡು ಸುಮ್ಮನಿರೋದು ಹೇಗೆ? ಆಮೇಲೆ ಫಿಲ್ಟರ್ ಮೇಲೆ ನೀಲಿ ನಾರು ಕಂಡಿತೆಂದು ಸಂಭ್ರಮ ಬೇರೆ. ಅದು ಮೈಯೊಳಗಿಂದ ಬಂತೋ, ನಿಮ್ಮ ತೋಳಿಂದ ಉದುರಿತೋ? ಹತ್ತಿಯ ಕೋಟು ಹಾಕಿ, ಅದೂ ಎದ್ದು ಕಾಣುವ ಒಂದೇ ಬಣ್ಣದ್ದು. ಉದುರಿದರೂ ಗುರುತು ಸಿಗುತ್ತೆ.

ಗಾಜಿನ ಪಾತ್ರೆ ತೊಳೆಯೋದನ್ನು ನಾನು ಹೇಳಿಕೊಡಬೇಕಿಲ್ಲ. ಸೋಸಿದ ನೀರಲ್ಲಿ ಮೂರು ಸಲ ಜಾಲಿಸಿ, ಅಲ್ಯೂಮಿನಿಯಂ ಹಾಳೆ ಮುಚ್ಚಿ, 450 ಡಿಗ್ರಿ ಕುಲುಮೆಯಲ್ಲಿ ಕೆಲವು ಗಂಟೆ ಬಿಡಿ. ಅಳತೆಯ ಫ್ಲಾಸ್ಕ್ ಮಾತ್ರ ಅಲ್ಲಿಡಬೇಡಿ, ಅದರ ಅಳತೆಯೇ ಕೆಡುತ್ತೆ. ಮೇಜನ್ನು ಒದ್ದೆ ಹತ್ತಿಬಟ್ಟೆಯಲ್ಲಿ ಒರೆಸಿ. ಅಂದಹಾಗೆ, ಕೋಣೆ ಗುಡಿಸುವಾಗಲೂ ಅಷ್ಟೇ: ಮೊದಲು ಮೇಲಿನ ಕಪಾಟು, ಕೊನೆಗೆ ನೆಲ. ಒಣ ಪೊರಕೆ ಆಡಿಸಿದ ಕೂಡಲೇ ಮಾದರಿ ತೆರೆಯುವವರಿಗೆ ಏನು ಹೇಳೋಣ!

ಪ್ಲಾಸ್ಟಿಕ್ ಮಾತ್ರ ಉಳಿಯುವಂತೆ ಅಂಗಾಂಶ ಕರಗಿಸಲು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸಾಕು. ಅಂಗಾಂಶ ಮುಳುಗಿ ಮೇಲೆ ಮೂರು ಬೆರಳು ನಿಲ್ಲುವಷ್ಟು ಹಾಕಿ, 40 ಡಿಗ್ರಿಯಲ್ಲಿ ಎರಡು ದಿನ ಬಿಡಿ. ಕರಗದಿದ್ದರೆ ಇನ್ನೊಂದು ದಿನ. ಅವಸರಕ್ಕೆ ಬಿದ್ದು ಬಿಸಿ ಏರಿಸಿದರೆ ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್), ಪಾಲಿಕಾರ್ಬೊನೇಟ್ ಸವೆಯುತ್ತವೆ. ನೈಟ್ರಿಕ್ ಆಮ್ಲ ಸುರಿದರೆ ನೈಲಾನ್ ಕರಗಿಯೇ ಹೋಗುತ್ತೆ; ಹುಡುಕುವುದನ್ನೇ ಕರಗಿಸಿ ಇಲ್ಲವೆಂದು ಬರೆದರೆ ಹೇಗೆ? ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಆ ಕ್ಷಾರದ ಹರಳು ಬರುವುದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಆದ್ದರಿಂದ ದ್ರಾವಣವನ್ನು ಸೋಸದೆ ಬಳಸಬೇಡಿ. ಕೊಬ್ಬು ಜಾಸ್ತಿಯಿದ್ದರೆ ಅದು ಕ್ಷಾರದ ಜೊತೆ ಸೇರಿ ಸೋಪಾಗುತ್ತೆ. ತಣ್ಣಗಾದರೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಬಿಸಿಯಿರುವಾಗಲೇ ಸೋಸಿ, ಬಿಸಿನೀರು ಹಾಯಿಸಿ, ಕೊನೆಗೆ ಎಥನಾಲ್.

ಈಗ ನಾನು ಹಟ ಹಿಡಿಯುವ ವಿಷಯಕ್ಕೆ ಬರುತ್ತೇನೆ: ಬ್ಲ್ಯಾಂಕ್. ಅಂದರೆ ಮಾದರಿಯೇ ಇಲ್ಲದೆ ಎಲ್ಲ ಹಂತ ದಾಟಿಸುವ ಖಾಲಿ ಬಾಟಲಿ; ಹೊರಗಿನಿಂದ ಎಷ್ಟು ಪ್ಲಾಸ್ಟಿಕ್ ಸೇರಿತೆಂದು ಅದು ಹೇಳುತ್ತೆ. ಕೊನೆಯಲ್ಲಿ ನೆನಪಾಗಿ ಒಂದು ಲೋಟ ನೀರು ಸೋಸಿ ಬ್ಲ್ಯಾಂಕ್ ಆಯಿತೆನ್ನುವುದು ಶುದ್ಧ ಸೋಮಾರಿತನ. ಬ್ಲ್ಯಾಂಕ್ ಹುಟ್ಟಬೇಕಾದ್ದು ರಕ್ತ ತೆಗೆಯುವ ಕೋಣೆಯಲ್ಲೇ. ಅದೇ ಪೆಟ್ಟಿಗೆಯ ಸೂಜಿ, ಅದೇ ಬಗೆಯ ಗಾಜಿನ ಕೊಳವೆ, ಅದೇ ಮುಚ್ಚಳ ತೆಗೆದುಕೊಂಡು, ರಕ್ತದ ಬದಲು ಸೋಸಿದ ನೀರನ್ನು ಆ ಸೂಜಿಯ ಮೂಲಕವೇ ಎಳೆಯಿರಿ. ರಕ್ತದ ಕೊಳವೆ ಎಷ್ಟು ಹೊತ್ತು ತೆರೆದಿತ್ತೋ ಇದೂ ಅಷ್ಟೇ ಹೊತ್ತು ತೆರೆದಿರಲಿ. ಅದೇ ಫ್ರಿಜ್, ಅದೇ ಕ್ಷಾರ, ಅಷ್ಟೇ ದಿನ. ಸರದಿಯಲ್ಲೂ ಬೆರೆಸಿಡಿ: ಕೆಲವು ಮಾದರಿ, ಒಂದು ಬ್ಲ್ಯಾಂಕ್, ಮತ್ತೆ ಮಾದರಿ. ಬೆಳಗ್ಗೆ ಕೋಣೆ ಶಾಂತವಾಗಿದ್ದಾಗ ಬ್ಲ್ಯಾಂಕ್‌ಗಳನ್ನೆಲ್ಲ ಮುಗಿಸಿ, ಜನ ಓಡಾಡುವ ಮಧ್ಯಾಹ್ನ ಮಾದರಿ ತೆರೆದರೆ ಬ್ಲ್ಯಾಂಕ್ ಸುಳ್ಳು ಹೇಳುತ್ತೆ. ಕೆಲಸದುದ್ದಕ್ಕೂ ಪಕ್ಕದಲ್ಲೊಂದು ಒದ್ದೆ ಫಿಲ್ಟರ್ ತೆರೆದಿಡಿ, ಗಾಳಿಯಿಂದ ಬಿದ್ದದ್ದೇನೆಂದು ಅದು ತೋರಿಸುತ್ತೆ. ಮೂರಕ್ಕಿಂತ ಕಡಿಮೆ ಬ್ಲ್ಯಾಂಕ್ ಬೇಡವೇ ಬೇಡ. ಅವುಗಳ ಎಣಿಕೆಯ ಸರಾಸರಿಗೆ ಪ್ರಮಾಣಿತ ವಿಚಲನೆಯ (ಎಣಿಕೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಮೂರು ಪಟ್ಟು ಕೂಡಿಸಿ. ಅದರ ಕೆಳಗೆ ಬಂದ ಎಣಿಕೆಯನ್ನು ಸಿಕ್ಕಿತು ಅನ್ನಬೇಡಿ.

ನೈಟ್ರೈಲ್ ಗ್ಲೌಸ್ ಇನ್ನೊಂದು ಪೀಡೆ. ಅದರ ಮೇಲಿನ ಸ್ಟಿಯರೇಟ್ ಎಂಬ ಸೋಪಿನಂಥ ಲವಣ ಉದುರಿ ಫಿಲ್ಟರ್ ಸೇರಿದರೆ ಥೇಟ್ ಪಾಲಿಎಥಿಲೀನ್ (ಚೀಲದ ಪ್ಲಾಸ್ಟಿಕ್) ಥರ ಕಾಣುತ್ತೆ. ವಸ್ತು ಯಾವುದೆಂದು ಗುರುತಿಸುವ ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆಯಲ್ಲಿ 2915 ಮತ್ತು 2848 ತರಂಗಸಂಖ್ಯೆಯ (ಪ್ರತಿ ಸೆಂ.ಮೀ.ಗೆ) ಹತ್ತಿರ ಜೋಡಿ ಶಿಖರ ಎರಡಕ್ಕೂ ಇದೆ. 1540ರಿಂದ 1575ರ ನಡುವೆ ಇನ್ನೊಂದು ಎದ್ದಿದ್ದರೆ ಸ್ಟಿಯರೇಟ್ ಎಂದು ಅನುಮಾನಿಸಿ. ಲೈಬ್ರರಿ (ಗೊತ್ತಿರುವ ವಸ್ತುಗಳ ಗುರುತುಗಳ ಸಂಗ್ರಹ) ಜೊತೆಗಿನ ಹೊಂದಿಕೆಯ ಶೇಕಡಾವಾರು ನೋಡಿ ಒಪ್ಪಿಕೊಳ್ಳುವವರಿಗೆ ಆ ಶಿಖರ ಕಾಣುವುದೇ ಇಲ್ಲ. 2021ರಲ್ಲಿ ವರದಿಯಾದ ಇಟಲಿಯ ಮಾಸುಚೀಲದ (ಪ್ಲಾಸೆಂಟಾ) ಅಧ್ಯಯನದಲ್ಲಿ ಹೆರಿಗೆ ಕೋಣೆಯಲ್ಲೇ ಹತ್ತಿಯ ಗ್ಲೌಸ್ ಹಾಕಿದ್ದರು. ಎಚ್ಚರಿಕೆ ಅಂದರೆ ಅದು.

ಹಿಂದೆಲ್ಲ ಕಣವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಾದ ಸೂಜಿ ಮುಟ್ಟಿಸಿ, ಮುದುಡಿದರೆ ಪ್ಲಾಸ್ಟಿಕ್ ಎನ್ನುತ್ತಿದ್ದರು. ದೊಡ್ಡ ಚೂರಿಗೆ ಅದು ಇವತ್ತಿಗೂ ಒಳ್ಳೆಯ ಮೊದಲ ಪರೀಕ್ಷೆ, ಆದರೆ ಯಾವ ಪ್ಲಾಸ್ಟಿಕ್ ಎಂದು ತಿಳಿಯದು. ಇನ್‌ಫ್ರಾರೆಡ್ ಸೂಕ್ಷ್ಮದರ್ಶಕ 10ರಿಂದ 20 ಮೈಕ್ರಾನ್‌ಗಿಂತ ಸಣ್ಣದಕ್ಕೆ ಸೋಲುತ್ತೆ. ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತು ಗುರುತಿಸುವ ರಾಮನ್ ವಿಧಾನ 1 ಮೈಕ್ರಾನ್‌ವರೆಗೆ ಇಳಿಯುತ್ತೆ, ಆದರೆ ನಿಧಾನ.

ಪೈರಾಲಿಸಿಸ್ ಜಿಸಿ-ಎಂಎಸ್ ಎಂಬ ಇನ್ನೊಂದು ವಿಧಾನ ಕಣ ಎಣಿಸುವುದಿಲ್ಲ; ಆಮ್ಲಜನಕವಿಲ್ಲದೆ ಕಾಯಿಸಿ ತುಣುಕಾಗಿ ಒಡೆದು, ಆ ತುಣುಕುಗಳಿಂದ ಪ್ಲಾಸ್ಟಿಕ್‌ನ ತೂಕ ಹೇಳುತ್ತೆ. 2022ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನ 22 ದಾನಿಗಳ ಪೈಕಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಂಡದ್ದು ಹೀಗೆ. ಆ ಮೈಕ್ರೋಗ್ರಾಂ ಲೆಕ್ಕವನ್ನು ಇಟಲಿಯವರು ಮಾಸುಚೀಲದಲ್ಲಿ ಎಣಿಸಿದ 12 ಚೂರುಗಳ ಪಕ್ಕ ಇಟ್ಟು ಹೋಲಿಸುತ್ತಾ ಕೂರಬೇಡಿ. ಹಾಗೆ ಕಾಯಿಸಿದಾಗ ಕೊಬ್ಬಿನಿಂದಲೂ ಪಾಲಿಎಥಿಲೀನ್‌ನಂಥದೇ ತುಣುಕುಗಳು ಹೊರಡುತ್ತವೆ. ಹಾಗಾಗಿ ಮಿದುಳಿನಂಥ ಕೊಬ್ಬಿನ ಅಂಗಾಂಶದಲ್ಲಿ ಪಾಲಿಎಥಿಲೀನ್ ಜಾಸ್ತಿ ಕಂಡರೆ, ಕೊಬ್ಬು ಪೂರ್ತಿ ತೆಗೆದು ಇನ್ನೊಮ್ಮೆ ಅಳೆಯದೆ ಅಂಕಿ ಬರೆಯಬೇಡಿ.